ರವೆ ಇಡ್ಲಿಯ ಕುಲವಿಚಾರ

ಋಷಿಮೂಲವನ್ನೂ ನದೀಮೂಲವನ್ನೂ ವಿಚಾರಿಸಬಾರದೆಂಬುದು ಹಿರಿಯರ ಮಾತು. ತಿನಿಸುಗಳ ವಿಷಯದಲ್ಲಿ ಮಾತ್ರ ಲೋಕವು ಈ ಸಂಯಮವನ್ನು ಪಾಲಿಸುವುದಿಲ್ಲ. ಇದು ಅಸಲು, ಅದು ನಕಲು. ಇದು ಶುದ್ಧ, ಅದು ಬೆರಕೆ ಎಂದು ಎಲೆಯ ಮುಂದೆ ಕುಳಿತವರು ಕುಲವಿಚಾರಕ್ಕೆ ತೊಡಗುವುದುಂಟು. ಅಕ್ಕಿಯಿಲ್ಲದ ಇಡ್ಲಿ ಇಡ್ಲಿಯೇ ಅಲ್ಲವೆಂದೂ, ಚಿಕೋರಿ ಬೆರೆತ ಕಾಫಿ ಕಾಫಿಯೇ ಅಲ್ಲವೆಂದೂ ಹೇಳುವವರು ಇಂದಿಗೂ ಇದ್ದಾರೆ. ಈ ತೀರ್ಪುಗಳು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡತಕ್ಕದ್ದು. ಅಭಾವದಲ್ಲಿ ಹುಟ್ಟಿದ ತಿನಿಸನ್ನು ಹೀನವೆಂದು ತಳ್ಳುವುದು ಕೇವಲ ನಾಲಗೆಯ ವಿಷಯವಲ್ಲ. ಅದನ್ನು ಉಂಡು ಕಷ್ಟಕಾಲವನ್ನು ದಾಟಿದವರ ಮರ್ಯಾದೆಯ ವಿಷಯವೂ ಹೌದು.

ಮೊದಲು ಇಡ್ಲಿಯ ಪ್ರಾಚೀನತೆಯನ್ನು ಪರಿಶೀಲಿಸಬಹುದು. ಹತ್ತನೆಯ ಶತಮಾನದ್ದೆಂದು ಬಹುಮಂದಿ ವಿದ್ವಾಂಸರು ಎಣಿಸುವ, ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬಂದಿದೆ. ಅದನ್ನು ಮಾಡುವ ಕ್ರಮವು ದೊರೆಯುವುದು ಸುಮಾರು 1025ರಲ್ಲಿ ರಚಿತವಾದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ. ಇದರ ಕರ್ತೃವಾದ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿಯಲ್ಲ. ಕಲ್ಯಾಣದ ಚಾಲುಕ್ಯರ ಕಾಲದವನಾದ ಮತ್ತೊಬ್ಬನು. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಕೊತ್ತುಂಬರಿ, ಜೀರಿಗೆ, ಮೆಣಸು, ಇಂಗುಗಳನ್ನೂ ಕೂಡಿಸಬೇಕೆಂಬುದು ಅಲ್ಲಿನ ವಿಧಾನ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿತವಾದುದು. ಅದರಲ್ಲಿ ‘ಇಡ್ಡರಿಕಾ’ ಎಂದು ಕರೆದಿರುವ ತಿನಿಸೂ ಉದ್ದಿನ ಹಿಟ್ಟಿನದೇ.

ಈ ವರ್ಣನೆಗಳಲ್ಲಿ ಅಕ್ಕಿಯ ಸುಳಿವೇ ಇಲ್ಲವೆಂಬುದು ಗಮನಾರ್ಹ. ಹಿಟ್ಟನ್ನು ರಾತ್ರಿಯೆಲ್ಲ ಹುಳಿಯಲು ಬಿಡುವ ಮಾತೂ ಇಲ್ಲ. ಇಂದಿನಂತೆ ಹಬೆಯಲ್ಲಿ ಬೇಯಿಸುವ ಪ್ರಸ್ತಾಪವೂ ಇಲ್ಲ. ಭಾರತೀಯ ಆಹಾರದ ಚರಿತ್ರೆಯನ್ನು ಬರೆದ ಕೆ. ಟಿ. ಅಚಯ ಅವರು ಈ ಮೂರು ಕೊರತೆಗಳನ್ನೂ ಎತ್ತಿ ತೋರಿಸಿರುವರು. ಎಂದ ಮೇಲೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕಿ ಹುಳಿಯಿಸಿ ಬೇಯಿಸುವ ಬೆಳ್ಳನೆಯ ಇಡ್ಲಿಯು, ಇಂದು ಎಲ್ಲರೂ ಅಸಲೆಂದು ತಿಳಿದಿರುವ ಆ ಇಡ್ಲಿಯು, ಚಾವುಂಡರಾಯನ ಕಾಲದವನಿಗೆ ಹೊಸ ವೇಷದ ಬೆರಕೆಯಾಗಿಯೇ ಕಾಣುತ್ತಿದ್ದಿತು. ಹೆಸರು ಹಳೆಯದು, ವಸ್ತು ಬೇರೆ. ಆದರೂ ಆ ಹೆಸರನ್ನು ಅದು ಕದ್ದುದೆಂದು ಯಾರೂ ದೂರುವುದಿಲ್ಲ. ಶತಮಾನಗಳು ಕಳೆದು ಅದರ ಹಕ್ಕು ಸಿದ್ಧವಾಗಿದೆ.

ಇನ್ನು ರವೆ ಇಡ್ಲಿಯ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೈನ್ಯವು 1942ರ ಮಾರ್ಚ್ ತಿಂಗಳಿನಲ್ಲಿ ರಂಗೂನನ್ನು ಹಿಡಿಯಿತು. ಅಲ್ಲಿಯವರೆಗೆ ಬರ್ಮಾ ದೇಶದ ಅಕ್ಕಿಯು ಹಡಗು ಹಡಗಾಗಿ ಭಾರತದ ಬಂದರುಗಳಿಗೆ ಬರುತ್ತಿದ್ದಿತು. ಅದು ಒಮ್ಮೆಲೆ ನಿಂತುಹೋಯಿತು. 1943ರಲ್ಲಿ ಬಂಗಾಳದ ಕ್ಷಾಮವು ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಆ ಘೋರ ವಿಪತ್ತಿಗೆ ಬರ್ಮಾ ಅಕ್ಕಿಯ ನಿಲುಗಡೆಯೊಂದೇ ಕಾರಣವಲ್ಲ; ಬೆಲೆಯ ಏರಿಕೆ, ಯುದ್ಧದ ಅವಶ್ಯಕತೆಗಳು, ಆಳುವವರ ಅಲಕ್ಷ್ಯ ಇವೆಲ್ಲ ಕೂಡಿದುವು. ದಕ್ಷಿಣದ ಪಟ್ಟಣಗಳಲ್ಲಿಯೂ ಅಕ್ಕಿ ದುರ್ಲಭವಾಯಿತು. ಅಕ್ಕಿಯನ್ನೇ ನಂಬಿದ್ದ ಉಪಾಹಾರಗೃಹಗಳಿಗೆ ಒಲೆ ಹಚ್ಚುವುದೇ ಚಿಂತೆಯಾಯಿತು.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂ ಎಂದು ಇಂದು ಹೆಸರಾಗಿರುವ ಸಂಸ್ಥೆಯ ಮೂಲವು, 1924ರಲ್ಲಿ ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು ತೆರೆದ ಉಪಾಹಾರಗೃಹ. ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ, ಗೋಧಿಯ ರವೆಯಿಂದ ಇಡ್ಲಿ ಮಾಡುವ ಕ್ರಮವನ್ನು ತಾವು ಕಂಡುಹಿಡಿದೆವೆಂಬುದು ಆ ಸಂಸ್ಥೆಯವರ ಹೇಳಿಕೆ. ಅದೇ ಹೊತ್ತಿಗೆ ಬೇರೆ ಮನೆಗಳಲ್ಲಿಯೂ ಇಂತಹ ಪ್ರಯೋಗಗಳು ನಡೆದಿದ್ದರೆ ಆಶ್ಚರ್ಯವಿಲ್ಲ. ಹಸಿವು ಒಂದೇ ಬಾಣಸಿಗನಿಗೆ ಬುದ್ಧಿ ಕಲಿಸುವುದಲ್ಲ.

ಈ ತಿನಿಸು ಅಕ್ಕಿಯ ಇಡ್ಲಿಯ ಅನುಕರಣವಾಗಿ ಹೊರಟರೂ ಅದರ ದಾರಿ ಬೇರೆಯಾಯಿತು. ಅಕ್ಕಿ ಉದ್ದುಗಳ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿದು ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ. ಉದ್ದಿನ ಲೋಳೆಯು ಆ ಅನಿಲವನ್ನು ಹಿಡಿದಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ರವೆಗೆ ಇಷ್ಟು ಕಾಲವೂ ಬೇಡ, ಉದ್ದೂ ಬೇಡ. ಮೊಸರಿನ ಹುಳಿಯೂ ಅಡಿಗೆಯ ಸೋಡವೂ ಕೂಡಿದೊಡನೆ ಅನಿಲವೇಳುತ್ತದೆ. ಅರ್ಧ ಗಂಟೆಯೊಳಗೆ ಹಿಟ್ಟು ತಟ್ಟೆಗೆ ಸಿದ್ಧ. ರವೆಯನ್ನು ಮೊದಲು ತುಪ್ಪದಲ್ಲಿ ಹುರಿಯುವುದರಿಂದ ಅದು ಮುದ್ದೆಗಟ್ಟದೆ, ಬೆಂದ ಮೇಲೆಯೂ ಹರಳು ಹರಳಾಗಿರುತ್ತದೆ. ಸಾಸಿವೆ, ಕರಿಬೇವು, ಶುಂಠಿ, ಗೋಡಂಬಿಗಳು ಒಳಗೇ ಸೇರಿರುವುದರಿಂದ ಚಟ್ನಿಯ ಹಂಗು ಕಡಿಮೆ. ಆಲೂಗೆಡ್ಡೆಯ ಸಾಗು ಇದಕ್ಕೆ ಒಪ್ಪುವ ಜೊತೆ. ಅಕ್ಕಿಯ ಇಡ್ಲಿಯ ಮೃದುತ್ವವನ್ನು ಇದರಲ್ಲಿ ಹುಡುಕುವವನಿಗೆ ನಿರಾಶೆಯಾಗುವುದು ಸಹಜ. ಹುರಿದ ರವೆಯ ಪರಿಮಳವನ್ನೂ ತುಪ್ಪದ ಸ್ನಿಗ್ಧತೆಯನ್ನೂ ಬಯಸಿ ಬಂದವನಿಗೆ ಅಕ್ಕಿಯ ಇಡ್ಲಿಯೇ ಸಪ್ಪೆಯಾಗಿ ತೋರೀತು. ಚೋದ್ಯವೆಂದರೆ, ಲಾವಣ್ಯದಲ್ಲಿ ಇಲ್ಲಿಯೂ ಮೊಸರು, ಇಂಗುಜೀರಿಗೆಗಳಂತಹ ಒಗ್ಗರಣೆಯ ಸಾಮಗ್ರಿ ಮರಳಿರುವುದನ್ನು ನೋಡಿದರೆ, ಲೋಕೋಪಕಾರದ ಮಸಾಲೆಯ ಇಡ್ಡಲಿಗೆಗೆ ಬಿಳಿಯ ಇಡ್ಲಿಗಿಂತ ಈ ‘ನಕಲು’ ಇಡ್ಲಿಯೇ ಒಂದು ವಿಧದಲ್ಲಿ ಹತ್ತಿರವೆನ್ನಬಹುದು.

ಯುದ್ಧ ಮುಗಿಯಿತು, ಅಕ್ಕಿ ಮರಳಿತು. ಆದರೆ ರವೆ ಇಡ್ಲಿ ಹೊರಟುಹೋಗಲಿಲ್ಲ. ಅಭಾವದ ಕೂಸು ಸುಭಿಕ್ಷದಲ್ಲಿಯೂ ಬದುಕಿತು. ಇಂದು ಬಹುಕಡೆ ಅದಕ್ಕೆ ಅಕ್ಕಿಯ ಇಡ್ಲಿಗಿಂತ ಹೆಚ್ಚಿನ ಬೆಲೆ.

ಅದೇ ಉಪಾಹಾರದ ಮೇಜಿನ ಮೇಲಿರುವ ಕಾಫಿಯ ಲೋಟದಲ್ಲಿಯೂ ಇಂತಹುದೇ ಇನ್ನೊಂದು ಕಥೆಯಿದೆ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನು 1781ರಲ್ಲಿ ಕಾಫಿ ಹುರಿಯುವ ಹಕ್ಕನ್ನು ಸರ್ಕಾರಕ್ಕೆ ಮೀಸಲುಮಾಡಿದಾಗ ಬಡವರಿಗೆ ಕಾಫಿ ಕೈಗೆಟುಕದಂತಾಯಿತು. ನೆಪೋಲಿಯನ್ನನು 1806ರಲ್ಲಿ ಬ್ರಿಟಿಷರೊಡನೆ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಯುರೋಪ್ ಖಂಡದಲ್ಲಿ ಕಾಫಿ ಇನ್ನೂ ದುರ್ಲಭವಾಯಿತು. ಚಿಕೋರಿ ಗಿಡದ ಬೇರನ್ನು ಹುರಿದು ಪುಡಿಮಾಡಿ ಕುಡಿಯುವ ರೂಢಿ ಹಬ್ಬಿದುದು ಇಂತಹ ಕಾಲದಲ್ಲಿ. ಅದರಲ್ಲಿ ಕಾಫಿಯ ಉತ್ತೇಜಕ ಸತ್ತ್ವವಿಲ್ಲ. ಹುರಿದಾಗ ಬರುವ ಕಂದು ಬಣ್ಣವೂ ಸಿಹಿಗಹಿಯೂ ಉಂಟು. ದಕ್ಷಿಣ ಭಾರತದಲ್ಲಿ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕುಡಿಯುವವರಿಗೆ ಈ ಗಟ್ಟಿತನವೇ ರುಚಿಯಾಯಿತು. ಬಾಬಾಬುಡನ್ ಗಿರಿಯ ತಪ್ಪಲಿನಲ್ಲಿ ಒಳ್ಳೆಯ ಬೀಜ ಬೆಳೆಯುವ ನಾಡಿನವರೇ ಬೇಕೆಂದು ಕೇಳಿ ಚಿಕೋರಿ ಹಾಕಿಸಿಕೊಳ್ಳುವುದನ್ನು ದಾರಿದ್ರ್ಯವೆನ್ನಲಾಗದು, ಅದು ಆಯ್ಕೆ.

ಹಾಗಾದರೆ ಎಲ್ಲ ನಕಲೂ ಗ್ರಾಹ್ಯವೇ ಎಂಬ ಪ್ರಶ್ನೆ ಏಳುತ್ತದೆ. ವನಸ್ಪತಿಯ ಚರಿತ್ರೆಯು ಇದಕ್ಕೆ ಎಲ್ಲೆಯನ್ನು ತೋರಿಸುತ್ತದೆ. ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡಿದ ಈ ವಸ್ತುವು 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದಿತು. ತುಪ್ಪ ಕೊಳ್ಳಲಾರದ ಸಂಸಾರಗಳ ಹಬ್ಬದಡಿಗೆ ಅದರಿಂದ ನಡೆಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ನೋಟದಲ್ಲಿ ತುಪ್ಪವನ್ನು ಹೋಲುವಂತೆ ಮಾಡಿದ್ದ ಈ ವಸ್ತುವು ವಂಚಕ ವ್ಯಾಪಾರಿಗಳ ಕೈಯಲ್ಲಿ ತುಪ್ಪದೊಳಗೆ ಕಲಬೆರಕೆಯಾಗತೊಡಗಿತು. ಅದನ್ನು ಪತ್ತೆಹಚ್ಚುವುದಕ್ಕಾಗಿ ವನಸ್ಪತಿಯಲ್ಲಿ ಎಳ್ಳೆಣ್ಣೆಯನ್ನು ಕಡ್ಡಾಯವಾಗಿ ಸೇರಿಸಬೇಕೆಂದು ಸರ್ಕಾರವು ವಿಧಿಸಿತು; ಪರೀಕ್ಷೆಯಲ್ಲಿ ಎಳ್ಳೆಣ್ಣೆ ಕೆಂಬಣ್ಣ ತೋರಿ ಮೋಸವನ್ನು ಹೊರಗೆಡಹುತ್ತದೆ. ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ಆಮೇಲೆ ತಿಳಿದುಬಂದು, 2022ರಿಂದ ಅದರ ಪ್ರಮಾಣಕ್ಕೆ ಶೇಕಡ 2ರ ಮಿತಿಯನ್ನು ಗೊತ್ತುಮಾಡಲಾಗಿದೆ. ಚಿಕೋರಿಯ ವಿಷಯದಲ್ಲಿಯೂ ಕಾನೂನು ಇದೇ ನ್ಯಾಯವನ್ನು ಅನುಸರಿಸಿದೆ: ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆಯಿರಕೂಡದು, ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ತಿಳಿಸಲೇಬೇಕು.

ಆದುದರಿಂದ ದೋಷವು ಬದಲಿಯಾಗಿರುವುದರಲ್ಲಿ ಇಲ್ಲ. ಬೇರೊಂದರ ಹೆಸರಿನಲ್ಲಿ ತಿನ್ನುವವನನ್ನು ವಂಚಿಸುವುದರಲ್ಲಿಯೂ ಅವನ ದೇಹಕ್ಕೆ ಕೇಡುಮಾಡುವುದರಲ್ಲಿಯೂ ಇದೆ. ರವೆ ಇಡ್ಲಿಯು ತನ್ನ ಹೆಸರಿನಲ್ಲಿಯೇ ರವೆಯನ್ನು ಹೇಳಿಕೊಂಡಿತು. ಅಕ್ಕಿಯೆಂದು ಯಾರನ್ನೂ ನಂಬಿಸಲಿಲ್ಲ. ಇಷ್ಟು ಪ್ರಾಮಾಣಿಕತೆಯಿರುವ ತಿನಿಸನ್ನು ಅದರ ಗುಣದಿಂದಲೇ ಅಳೆಯುವುದು ನ್ಯಾಯ. ಅಗ್ಗದ ಊಟವನ್ನು ಉಣ್ಣುವವನಿಗೂ ರುಚಿಯನ್ನು ಬಲ್ಲ ನಾಲಗೆಯಿದೆಯೆಂಬುದನ್ನು ಉಳ್ಳವರು ಮರೆಯಬಾರದು. ಇಂದು ಅಸಲೆಂದು ಕೊಂಡಾಡುವ ತಿನಿಸುಗಳಲ್ಲಿ ಎಷ್ಟೋ ಅಂತಹವರ ಒಲೆಯ ಮೇಲೆಯೇ ಮೊದಲು ಬೆಂದುವು.