ದೇವಿಯಿಂದ ಡೀವಾವರೆಗೆ

ಸಿನಿಮಾ ಪುಟಗಳಲ್ಲಿ ‘ಡೀವಾ’ ಎಂಬ ಪದ ಈಗ ಧಾರಾಳವಾಗಿ ಓಡಾಡುತ್ತಿದೆ. ಥಳಕಿನ ಉಡುಗೆಯ ನಟಿಯೂ ಡೀವಾ, ಸಾವಿರಾರು ಜನರ ಮುಂದೆ ಹಾಡುವ ಪಾಪ್ ಗಾಯಕಿಯೂ ಡೀವಾ. ಚಿತ್ರೀಕರಣಕ್ಕೆ ತಡವಾಗಿ ಬಂದು ರೇಗಾಡುವವಳೂ ಡೀವಾ. ಒಂದೇ ಪದ ಹೊಗಳಿಕೆಯೂ ಹೌದು, ಚುಚ್ಚುಮಾತೂ ಹೌದು. ಹೀಗೇಕಾಯಿತು?

ಇಟಲಿಯವರ ಬಾಯಲ್ಲಿ ಇದು ‘ದೀವಾ’. ಲ್ಯಾಟಿನ್ನಿನಿಂದ ಬಂದ ಈ ಪದಕ್ಕೆ ದೇವತೆ ಎಂದು ಅರ್ಥ. ನಾವು ಬಳಸುವ ‘ದೇವಿ’ಗೂ ಇದಕ್ಕೂ ನಂಟಿದೆ. ಸಂಸ್ಕೃತ, ಲ್ಯಾಟಿನ್ ಎರಡೂ ಇಂಡೋ-ಯುರೋಪಿಯನ್ ಭಾಷೆಗಳು. ಬೆಳಗುವುದು, ಹೊಳೆಯುವ ಆಕಾಶ ಎಂಬರ್ಥದ ಒಂದೇ ಮೂಲದಿಂದ ಅಲ್ಲಿ ದೀವಾ, ಇಲ್ಲಿ ದೇವಿ ಹುಟ್ಟಿಕೊಂಡವು. ‘ದಿವಾರಾತ್ರಿ’ ಎನ್ನುವಾಗಿನ ‘ದಿವಾ’, ಅಂದರೆ ಹಗಲು, ಇದೇ ಬಳಗದ್ದು. ರೋಮನ್ನರಲ್ಲಿ ಇದು ಬಿರುದೂ ಆಗಿತ್ತು. ಅಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾ ತೀರಿಕೊಂಡು ವರ್ಷಗಳಾದ ಮೇಲೆ, ಕ್ರಿ.ಶ. 42ರಲ್ಲಿ, ಅವಳ ಮೊಮ್ಮಗ ಕ್ಲಾಡಿಯಸ್ ಅವಳನ್ನು ದೇವತೆಗಳ ಸಾಲಿಗೆ ಸೇರಿಸಿದ. ಅಂದಿನಿಂದ ಅವಳು ‘ದೀವಾ ಅಗಸ್ಟಾ’.

ಈ ಬಿರುದು ರಂಗಸ್ಥಳಕ್ಕೆ ಬಂದದ್ದು ಒಪೆರಾದ ಮೂಲಕ. ಆದರೆ ಅದಕ್ಕೆ ಮುಂಚಿನ ಕತೆಯನ್ನೂ ನೆನೆಯಬೇಕು. ಪೋಪರ ಆಳ್ವಿಕೆಯ ರೋಮಿನಲ್ಲಿ 18ನೇ ಶತಮಾನದ ಕೊನೆಯವರೆಗೂ ಹೆಂಗಸರಿಗೆ ರಂಗವೇರಲು ನಿಷೇಧವಿತ್ತು. ಸ್ತ್ರೀಪಾತ್ರಗಳನ್ನು ಹಾಡುತ್ತಿದ್ದವರು, ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಶಸ್ತ್ರಕ್ರಿಯೆಗೆ ಗುರಿಯಾದ ಗಂಡಸರು. ನಿಷೇಧ ಹೋಗಿ ಕೆಲವು ದಶಕಗಳಾಗುವಷ್ಟರಲ್ಲಿ ಗಾಯಕಿಯರು ಒಪೆರಾದ ಕೇಂದ್ರಕ್ಕೆ ಬಂದಿದ್ದರು. 1831ರ ಡಿಸೆಂಬರ್ 26ರಂದು ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರದಲ್ಲಿ ಬೆಲ್ಲಿನಿಯ ‘ನೋರ್ಮಾ’ ಮೊದಲ ಪ್ರದರ್ಶನ ಕಂಡಿತು. ಅದರಲ್ಲಿ ಪೂಜಾರಿಣಿ ನೋರ್ಮಾ, ಅಂದರೆ ಗಾಯಕಿ ಜುಡಿಟ್ಟಾ ಪಾಸ್ತಾ, ಚಂದ್ರನನ್ನು ಪರಿಶುದ್ಧ ದೇವತೆಯೆಂದು ಕರೆದು ಪ್ರಾರ್ಥಿಸುತ್ತಾಳೆ. ಆ ಕರೆಯಲ್ಲಿರುವ ಪದವೂ ‘ದೀವಾ’ ಎಂಬುದೇ. ಅದೇ ಶತಮಾನದಲ್ಲಿ ರಸಿಕರು ಹಾಡುವವಳನ್ನೇ ದೀವಾ ಎನ್ನತೊಡಗಿದರು.

ಒಪೆರಾ ತಂಡದ ಮುಖ್ಯ ಗಾಯಕಿಗೆ ‘ಪ್ರಿಮಾ ದೊನ್ನಾ’, ಅಂದರೆ ಮೊದಲ ಹೆಂಗಸು, ಎಂಬ ಹೆಸರು ಅದಾಗಲೇ ಇತ್ತು. ಅದು ತಂಡದೊಳಗಿನ ಸ್ಥಾನ. ದೀವಾ ಎಂಬುದು ಅಭಿಮಾನಿಗಳು ಕೊಟ್ಟ ಪಟ್ಟ. ಎರಡು ಪದಗಳ ಗತಿಯೂ ಒಂದೇ ಆಯಿತು: ಹಠಮಾರಿ, ಸಿಡುಕಿ ಎಂಬರ್ಥ ಎರಡಕ್ಕೂ ಅಂಟಿಕೊಂಡಿತು. ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟಿ, ಷರತ್ತು ಹಾಕಬಲ್ಲ ಹೆಂಗಸು ಆ ಕಾಲಕ್ಕೆ ಅಪರೂಪ. ಗಂಡಸು ಮಾಡಿದರೆ ವ್ಯವಹಾರ ಎನಿಸಿಕೊಳ್ಳುವುದು ಅವಳು ಮಾಡಿದಾಗ ಜಂಭವೆನಿಸಿತು. 1910ರ ದಶಕದಲ್ಲಿ ಲಿಡಾ ಬೊರೆಲ್ಲಿ, ಫ್ರಾಂಚೆಸ್ಕಾ ಬೆರ್ಟಿನಿಯರಂಥ ಮೂಕಿ ಚಿತ್ರಗಳ ನಟಿಯರಿಗೂ ಇಟಲಿಯಲ್ಲಿ ಇದೇ ಪಟ್ಟ ಸಿಕ್ಕಿತು.

ನಮ್ಮಲ್ಲೂ ಅದೇ ಮೂಲದ ಇನ್ನೊಂದು ಪದವಿದೆ: ದೇವದಾಸಿ. ಅಲ್ಲಿ ಕಲಾವಿದೆಯೇ ದೇವತೆ. ಇಲ್ಲಿ ಅವಳು ದೇವರ ಸೇವಕಿ. ಆದರೆ ಗೌರವದ ಹೆಸರು ಬೈಗುಳವಾಗುವುದು ಮಾತ್ರ ಎರಡೂ ಕಡೆ ಒಂದೇ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಈ ಮನೆತನದವರು, ದೊಡ್ಡ ಗಾಯಕಿ. ತಮ್ಮಂಥವಳೇ ಆದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಅವರು ಪೂರ್ಣರೂಪದಲ್ಲಿ ಅಚ್ಚು ಹಾಕಿಸಿದಾಗ ಅಶ್ಲೀಲವೆಂಬ ಕೂಗೆದ್ದಿತು; ಬ್ರಿಟಿಷ್ ಸರ್ಕಾರ ಪುಸ್ತಕವನ್ನೇ ನಿಷೇಧಿಸಿತು. ಅವರು ಕುಗ್ಗಲಿಲ್ಲ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿಲ್ಲದಿದ್ದಾಗ ಹೆಂಗಸರದ್ದೇ ಆರಾಧನೆ ನಡೆಸಿದರು.

ಅವರನ್ನು ಯಾರೂ ಡೀವಾ ಎಂದು ಕರೆದಿರಲಾರರು. ಹಾಗೆ ಕರೆಸಿಕೊಳ್ಳುವ ಅಗತ್ಯವೂ ಅವರಿಗಿರಲಿಲ್ಲ. ಮುಂದಿನ ಸಲ ಪತ್ರಿಕೆಯಲ್ಲಿ ಆ ಪದ ಕಂಡಾಗ, ಬರೆದವರು ಅವಳ ಕಲೆಯನ್ನು ಮೆಚ್ಚಿದ್ದಾರೋ ಅವಳ ದನಿ ಜೋರಾಯಿತೆಂದು ಗೊಣಗಿದ್ದಾರೋ ಎಂದು ಗಮನಿಸಿ ನೋಡಿ.