ಹೂಗ್ಲಿ ದಂಡೆಯ ಕಾಗದದ ಗಿರಣಿ

ಕಳೆದ ವಾರ ಏಳನೇ ತರಗತಿಯ ಹುಡುಗನೊಬ್ಬ ಮನೆಯ ಅಟ್ಟದಿಂದ ಹಳೇ ಕಾಗದದ ಕಟ್ಟೊಂದನ್ನು ತಂದಿದ್ದ. ಮೋಡಿ ಲಿಪಿಯ ಜಮೀನು ಪತ್ರಗಳು. ನಮ್ಮ ಅಕ್ಕಲಕೋಟ ಸೀಮೆಯ ಕೆಲವು ಮನೆಗಳಲ್ಲಿ ಇಂಥವು ಇನ್ನೂ ಸಿಗುತ್ತವೆ. ನನಗೆ ಮೋಡಿ ಬರುವುದಿಲ್ಲ, ಓದಲಾಗಲಿಲ್ಲ. ಹಾಳೆಯ ತುಂಬ ಹುಳು ಕೊರೆದ ತೂತುಗಳು. "ಸರ್, ಹುಳಕ್ಕ ಕಾಗದದಾಗ ಏನ್ ರುಚಿ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ರುಚಿ ಇರುವುದು ಗಂಜಿಯಲ್ಲಿ. ಶಾಯಿ ಹರಡದಿರಲೆಂದು ಹಿಂದೆ ಕಾಗದಕ್ಕೆ ಅಕ್ಕಿಗಂಜಿ ಸವರುತ್ತಿದ್ದರು. ಹುಳಕ್ಕೂ ವರಲೆಗೂ (ಗೆದ್ದಲಿಗೆ) ಅದು ಹಬ್ಬದೂಟ. ಇದೇ ಹುಳದ ಕಾಟದಿಂದ ಬಂಗಾಳದಲ್ಲಿ ನದಿ ದಂಡೆಯ ಮೇಲೆ ಒಂದು ಗಿರಣಿಯೇ ಎದ್ದಿತು. ಆ ಕಥೆಯನ್ನು ಅವತ್ತು ತರಗತಿಯಲ್ಲಿ ಹೇಳಿದೆ. ಇಲ್ಲಿಯೂ ಬರೆಯುತ್ತಿದ್ದೇನೆ.

ಕಲ್ಕತ್ತಾದಿಂದ ಸ್ವಲ್ಪ ಮೇಲಕ್ಕೆ, ಹೂಗ್ಲಿಯ ಪಶ್ಚಿಮ ದಂಡೆಯಲ್ಲಿ ಶ್ರೀರಾಮಪುರ ಇದೆ. 1755ರಿಂದ 1845ರವರೆಗೆ ಅದು ಡೆನ್ಮಾರ್ಕಿನವರ ಊರು. 1800ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಶ್‌ಮನ್, ವಿಲಿಯಂ ವಾರ್ಡ್ ಅಲ್ಲಿ ಅಚ್ಚುಕೂಟ ಹೂಡಿದರು. ನಾವು ಗಡಿಯವರು ಅದನ್ನು ಮರೆಯುವಂತಿಲ್ಲ. ಕೇರಿಯ ಮರಾಠಿ ನಿಘಂಟು 1810ರಲ್ಲಿ ಮೋಡಿ ಅಚ್ಚಿನಲ್ಲಿ ಹೊರಬಂದದ್ದು ಅಲ್ಲಿಂದಲೇ. 1817ರಲ್ಲಿ ಅವನ ಕನ್ನಡ ವ್ಯಾಕರಣವೂ ಅಲ್ಲಿಯೇ ಅಚ್ಚಾಯಿತು. ಅದರ ಇಂಗ್ಲಿಷ್ ಹೆಸರಿನಲ್ಲಿ ನಮ್ಮ ಭಾಷೆ "ಕುರ್ನಾಟ" ಆಗಿದೆ!

ಅಚ್ಚು ಮೊಳೆ ಇತ್ತು, ಕೆಲಸಗಾರರಿದ್ದರು, ಕಾಗದದ್ದೇ ಚಿಂತೆ. ಇಂಗ್ಲೆಂಡಿನ ಕಾಗದ ದುಬಾರಿ. ಊರ ಕಾಗದವೋ ಹುಳಕ್ಕೆ ಆಹುತಿ. ಬಹಳ ಕಾಲ ಅಚ್ಚಿನಲ್ಲೇ ಎಳೆದಾಡಿದ ಒಂದು ಪುಸ್ತಕದ ಕೊನೆಯ ಹಾಳೆ ಮುಗಿಯುವಷ್ಟರಲ್ಲಿ ಮೊದಲ ಹಾಳೆಯನ್ನು ಹುಳು ತಿಂದಿತ್ತಂತೆ. ಹಾಗಾಗಿ ಅವರೇ ಕಾಗದ ಮಾಡಲು ಹೊರಟರು. ನಾರನ್ನು ಅರೆಯಲು ತುಳಿಯುವ ಚಕ್ರ, ಅದನ್ನು ತುಳಿಯಲು ಸರದಿಯಂತೆ ನಲವತ್ತು ಮಂದಿ ಆಳುಗಳು. ಎತ್ತು ಗಾಣ ತಿರುಗಿಸುತ್ತದಲ್ಲ, ಇಲ್ಲಿ ಮನುಷ್ಯರು. ಅವರಲ್ಲೊಬ್ಬ ಅವಘಡದಲ್ಲಿ ಸತ್ತ. ಅದಾದ ಮೇಲೆ ಉಗಿಯಂತ್ರದ ವಿಚಾರ ಬಂತು. ಇಂಗ್ಲೆಂಡಿನ ಬೋಲ್ಟನ್ ಊರಿನಿಂದ 12 ಅಶ್ವಶಕ್ತಿಯ ಯಂತ್ರ ತರಿಸಿದರು. 1820ರ ಮಾರ್ಚ್ 27ರಂದು ಅದು ಓಡಿತು. ಭಾರತದಲ್ಲಿ ಕಾಗದಕ್ಕೆ ಉಗಿ ಹೂಡಿದ್ದು ಇದೇ ಮೊದಲು. "ಬೆಂಕಿಯ ಯಂತ್ರ" ನೋಡಲು ಜನ ಜಾತ್ರೆಯಂತೆ ಸೇರಿ, ಅದನ್ನು ನಡೆಸಲು ಬಂದ ಬಿಳಿಯನ ತಾಳ್ಮೆ ಕೆಡಿಸಿದರಂತೆ. ಹುಳು ಹಿಡಿಯದ "ಶ್ರೀರಾಮಪುರ ಕಾಗದ" ಹೆಸರು ಮಾಡಿತು. 1865ರ ಸುಮಾರಿಗೆ ಗಿರಣಿಯ ದಿನ ಮುಗಿಯಿತು. ಮುಂದೆ ಬಾಲಿ, 1882ರಲ್ಲಿ ಟಿಟಾಗಢ, ಹೀಗೆ ದೊಡ್ಡ ಗಿರಣಿಗಳು ಅದೇ ನದಿಯ ದಂಡೆಯಲ್ಲೇ ಎದ್ದವು.

ಅಂಥ ಗಿರಣಿ ನೆಲದಲ್ಲಿ ಏನು ಬಿಟ್ಟುಹೋಗುತ್ತದೆ? ಸೊಲ್ಲಾಪುರದ ಮುಚ್ಚಿದ ಬಟ್ಟೆ ಗಿರಣಿಗಳನ್ನು ನೋಡಿದ ನಮ್ಮ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಕಬ್ಬಿಣ ಮೊದಲು ಗುಜರಿಗೆ ಹೋಗುತ್ತದೆ, ಆಮೇಲೆ ಇಟ್ಟಿಗೆ. ಉಳಿಯುವುದು ಯಂತ್ರ ಕೂತಿದ್ದ ದಪ್ಪ ಅಡಿಪಾಯ, ಚಿಮಣಿಯ ಬುಡ, ಇದ್ದಲಿನ ಕಿಟ್ಟ, ನದಿಯಿಂದ ನೀರು ತರುವ ಕಾಲುವೆಯ ಗುರುತು. ಕಾಗದಕ್ಕೆ ನೀರು ಬಹಳ ಬೇಕು, ಅದಕ್ಕೇ ಕಾಗದದ ಗಿರಣಿಗೆ ನದಿ ದಂಡೆಯೇ ಆಗಬೇಕು. ಆದರೆ ಹೂಗ್ಲಿಯ ಉದ್ದಕ್ಕೂ ಸೆಣಬಿನ ಗಿರಣಿಗಳು ಬಂದು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಕೂತಿದೆ. ಶ್ರೀರಾಮಪುರದಲ್ಲಿ ಡೇನರ ಚರ್ಚು, ಸರ್ಕಾರಿ ಭವನ, ಹೋಟೆಲು ಈಚೆಗೆ ಚೆನ್ನಾಗಿ ದುರಸ್ತಿಯಾಗಿವೆ. ಸಂತೋಷ. ಗಿರಣಿಗಳಿಗೆ ಅಂಥ ಭಾಗ್ಯ ಬರುವುದು ಕಡಿಮೆ.

ಇನ್ನೊಂದು ಅವಶೇಷವಿದೆ. ಅದು ಆ ಅಚ್ಚುಕೂಟದ ಪುಸ್ತಕಗಳ ಹಾಳೆ. 1818ರಲ್ಲಿ ಶುರುವಾದ ಶ್ರೀರಾಮಪುರ ಕಾಲೇಜಿನ ಗ್ರಂಥಾಲಯದಲ್ಲಿ ಆ ಕಾಲದ ಪುಸ್ತಕಗಳಿವೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಜರಡಿಯ ಗೆರೆ ಕಾಣಬಹುದು. ಇಂಗ್ಲೆಂಡಿನದಾದರೆ ಎಷ್ಟೋ ಸಲ ತಯಾರಕನ ನೀರುಗುರುತು, ವರ್ಷ ಇರುತ್ತದೆ. ಹುಳುವಿನ ತೂತು ಎಷ್ಟಿವೆ ಎಂಬುದೂ ಸಾಕ್ಷಿಯೇ. ಕನ್ನಡ ವ್ಯಾಕರಣ ಬಂದ 1817 ಎಂದರೆ ಉಗಿಯಂತ್ರಕ್ಕೆ ಮೂರು ವರ್ಷ ಮುಂಚೆ, ಮನುಷ್ಯರು ಚಕ್ರ ತುಳಿಯುತ್ತಿದ್ದ ಕಾಲ. ಪ್ರತಿ ಕೈಗೆ ಸಿಕ್ಕರೆ ಅಕ್ಷರ ಓದುವ ಮೊದಲು ನಾನು ಹಾಳೆಯನ್ನೇ ನೋಡುತ್ತೇನೆ. ಕೇರಿಯ ಹೆಸರು ಮುಖಪುಟದಲ್ಲಿದೆ. ಸತ್ತ ಆಳಿನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹುಡುಗನ ಪತ್ರವನ್ನೂ ಕಿಟಕಿಗೆ ಹಿಡಿದು ನೋಡಿದೆವು. ನೀರುಗುರುತು ಇಲ್ಲ. ಹುಲ್ಲಿನ ಜರಡಿಯ ಸಣ್ಣ ಸಣ್ಣ ಗೆರೆಗಳು ಮಾತ್ರ, ಸ್ವಲ್ಪ ಸೊಟ್ಟ. ಇಡೀ ತರಗತಿ ಸಾಲು ನಿಂತು ನೋಡಿತು. ಗಣಿತದ ಪಿರಿಯಡ್ ಅಂದು ನಡೆಯಲಿಲ್ಲ.