ಸೂಳೆಕೆರೆ ಏರಿಗೆ ಬಂದ ಆಕಾಶದ ಸುದ್ದಿ

ಪ್ರಾರ್ಥನೆ ಮುಗಿದ ಕೂಡಲೇ ಒಬ್ಬರು ಮುಂದೆ ಬಂದು ವಾರ್ತೆ ಓದುವುದು ನಮ್ಮ ಚನ್ನಗಿರಿ ಸೀಮೆಯ ಶಾಲೆಗಳಲ್ಲಿ ಹಳೆಯ ಪದ್ಧತಿ. ಪೇಪರು ಬಸ್ಸಿನಲ್ಲಿ ಬರಬೇಕಿತ್ತು; ಬಾರದ ದಿನ 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯೇ ಗತಿ. ರೇಡಿಯೊ ಇದ್ದ ಮನೆಯ ಮಕ್ಕಳು ಸಮಾಚಾರ ಕೇಳಿ, ಚೀಟಿಯಲ್ಲಿ ಬರೆದು ತರುತ್ತಿದ್ದರು. ಮೊದಲ ಪೀರಿಯಡ್ಡಿನ ಹೊತ್ತಿಗೆ ಎಲ್ಲರಿಗೂ ಅದು ಮರೆತಿರುತ್ತಿತ್ತು. ಮರೆಯಲು ಬಿಡದ ವಿಜ್ಞಾನದ ಮೇಷ್ಟ್ರೊಬ್ಬರು ಕೆರೆ ಪಕ್ಕದ ನಮ್ಮ ಹೈಸ್ಕೂಲಿನಲ್ಲಿದ್ದರು.

1979ರ ಜುಲೈ, ನಾನು ಎಂಟನೇ ಕ್ಲಾಸು. ಅಮೆರಿಕದ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿಗೆ ಊರೇ ನಡುಗಿತ್ತು. ನೆಟ್ಟಗೆ ನಮ್ಮ ಕೆರೆಗೇ ಬೀಳುತ್ತದೆ ಅನ್ನುವವರೂ ಇದ್ದರು. ಮೇಷ್ಟ್ರು ಗ್ಲೋಬ್ ತಂದು ತಿರುಗಿಸಿ, ಕಣ್ಣು ಮುಚ್ಚಿ ಬೆರಳಿಡಲು ಹೇಳಿದರು. ‘ಯಾರ ಬೆರಳು ಎಲ್ಲಿ ಬಿತ್ತು, ಹೇಳ್ರಪ್ಪಾ.’ ಹೆಚ್ಚಿನ ಬೆರಳು ನೀಲಿಯ ಮೇಲಿದ್ದವು. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಕ್ಕೂ ಬಿದ್ದವು. ಸಂಭವನೀಯತೆಯನ್ನು ನಾನು ಕಲಿತದ್ದು ಹಾಗೆ. ಆ ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅದೇ ಸಾಲಿನಲ್ಲಿ, 1980ರ ಫೆಬ್ರವರಿ 16ರ ಶನಿವಾರ, ಸೂರ್ಯಗ್ರಹಣ. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೆರೆಯಲ್ಲಿ ದೂರದರ್ಶಕ ಹೂಡಿದ್ದಾರೆಂಬ ವಾರ್ತೆ ಓದಿದ್ದಾಯಿತು. ಅಲ್ಲಿ ಪೂರ್ಣ, ನಮ್ಮಲ್ಲಿ ಯಾಕೆ ಪಾರ್ಶ್ವ? ಚಂದ್ರನ ನೆರಳಿನ ಪಟ್ಟಿಯನ್ನು ಮೇಷ್ಟ್ರು ಕರ್ನಾಟಕದ ನಕ್ಷೆಯ ಮೇಲೆ ಎಳೆದರು. ನಾವು ಅದರ ದಕ್ಷಿಣಕ್ಕೆ ಉಳಿದೆವು. ಗ್ರಹಣಕ್ಕೆ ಮೊದಲೇ ಒಂದು ತಯಾರಿ ನಡೆದಿತ್ತು. ಹಳೆಯ ಲಗ್ನಪತ್ರಿಕೆಗೆ ಸೂಜಿಯಿಂದ ತೂತು ಮಾಡಿ, ಬಿಸಿಲಿಗೆ ಹಿಡಿದು, ಒಂದು ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬಿದ್ದ ದುಂಡು ಬೆಳಕನ್ನು ಸ್ಕೇಲಿನಿಂದ ಅಳೆದೆವು: 9 ಮಿಲಿಮೀಟರ್. ಸೂರ್ಯ 15 ಕೋಟಿ ಕಿ.ಮೀ. ದೂರ ಎಂದಷ್ಟೇ ಮೇಷ್ಟ್ರು ಹೇಳಿದ್ದು. ತ್ರೈರಾಶಿ ಹಾಕಿದರೆ ಸೂರ್ಯನ ವ್ಯಾಸ 14 ಲಕ್ಷ ಕಿ.ಮೀ.ನ ಹತ್ತಿರ ಬಂತು! ಲಗ್ನಪತ್ರಿಕೆಯಿಂದ ಸೂರ್ಯನನ್ನು ಅಳೆದ ಆ ಹೆಮ್ಮೆ ನನ್ನನ್ನು ಟೀಚರ್ ಮಾಡಿತು ಎಂದರೆ ಅತಿಶಯವಲ್ಲ.

ಗ್ರಹಣದ ಮಧ್ಯಾಹ್ನ ಬೀದಿಗಳು ಖಾಲಿ. ಮನೆಮನೆಯಲ್ಲಿ ಒಲೆ ಆರಿಸಿ, ನೀರಿಗೆ ದರ್ಭೆ ಹಾಕಿ, ತಟ್ಟೆಯಲ್ಲಿ ಒನಕೆ ನಿಲ್ಲಿಸಿದ್ದರು. ನಮ್ಮಜ್ಜಿ ಗೊಣಗುತ್ತಲೇ ನನ್ನನ್ನು ಕಳಿಸಿದಳು. ಶಾಲೆಯ ಮಾವಿನ ಮರದ ಕೆಳಗೆ ಎಲೆಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಾಗಿದ್ದವು. ಸೂರ್ಯನ ಕಡೆ ತಲೆಯೆತ್ತಲು ಮೇಷ್ಟ್ರು ಯಾರನ್ನೂ ಬಿಡಲಿಲ್ಲ.

ಅವರ ಮೇಜಿನ ಮೇಲೆ ‘ಬಾಲ ವಿಜ್ಞಾನ’ ಇರುತ್ತಿತ್ತು. 1978ರಲ್ಲಿ ಶುರುವಾದ ಆ ಮಾಸಪತ್ರಿಕೆಯನ್ನು ಜೆ.ಆರ್. ಲಕ್ಷ್ಮಣರಾಯರು ಕಟ್ಟಿ ಬೆಳೆಸಿದರು. ಅದಕ್ಕೂ ಹಿಂದೆ, 1910ರ ದಶಕದ ಕೊನೆಯಲ್ಲೇ, ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆ ಹೊರಡಿಸಿದ್ದರು. 1936ರಲ್ಲಿ ಕಾರಂತರ ‘ಬಾಲ ಪ್ರಪಂಚ’ ಬಂತು. ಹಳ್ಳಿ ಶಾಲೆಯ ಒಬ್ಬ ಮೇಷ್ಟ್ರಿಗೆ ಸುದ್ದಿಯನ್ನು ಕನ್ನಡದಲ್ಲೇ ಪಾಠ ಮಾಡುವ ಧೈರ್ಯ ಬಂದದ್ದು ಇಂಥವರ ದುಡಿಮೆಯಿಂದ. ಈಗ ಸುದ್ದಿಗೆ ಬರವಿಲ್ಲ. ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸುಳ್ಳು ಮೊಬೈಲಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ನಂಬಬೇಡಿ ಎಂದರೆ ಸಾಲದು. ಅಳೆಯಲು ಮಕ್ಕಳ ಕೈಗೆ ಏನಾದರೂ ಕೊಡಬೇಕು. ತಿಂಗಳಿಗೊಂದು ಸುದ್ದಿ ಸಾಕು, ಆದರೆ ಅದಕ್ಕೆ ಸಮಯ ಬೇಕು. ಸಿಲಬಸ್ ಮುಗಿಸುವ ಅವಸರದಲ್ಲಿ ಆ ಸಮಯವನ್ನೇ ಕಿತ್ತುಕೊಳ್ಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ–3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಮರುದಿನ ನನ್ನ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ ಏರಿ. ಎದುರಿಗೆ ಸುಮಾರು 8 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ನೀರು. ಇಳಿಯಲು ಗೊತ್ತು ಮಾಡಿದ್ದ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ. ಕೆರೆಯ ನಕ್ಷೆಯ ಮೇಲೆ ಅಳತೆ ಪ್ರಕಾರ ಆಯತ ಬರೆಸಿದೆ, ನೀರಿನೊಳಗೇ ಹಿಡಿಸಿತು. ಚಂದ್ರಯಾನ–2ಕ್ಕೆ ಗುರುತಿಸಿದ್ದ ಜಾಗ 500 ಮೀಟರ್ ಚೌಕ. ಅದು ಅದೇ ನಕ್ಷೆಯಲ್ಲಿ ಅಕ್ಕಿಕಾಳಿನಷ್ಟಾಯಿತು.

‘ಸಣ್ಣ ಜಾಗದಲ್ಲಿ ಇಳಿಸೋದೇ ಜಾಣತನ ಅಲ್ವಾ ಮೇಡಂ? ದೊಡ್ಡದು ಮಾಡಿದ್ದು ಯಾಕೆ?’ ಎಂದು ಒಬ್ಬ ಹುಡುಗಿ ಕೇಳಿದಳು. ಆ ವಾರದ ಪಾಠವೆಲ್ಲ ಅದೇ ಆಯಿತು: 2019ರಲ್ಲಿ ಚಂದ್ರಯಾನ–2 ಎಲ್ಲಿ ತಪ್ಪಿತು, ಕಾಲು ಏಕೆ ಗಟ್ಟಿ ಮಾಡಿದರು, ಇಂಧನ ಏಕೆ ಹೆಚ್ಚಿಸಿದರು.